ಗೇಮ್‌ನ ಪರದೆಯಲ್ಲಿ ಯಾರ ರೂಢಿ ನಡೆಯಬೇಕು?

ಪರ: ಕಂಪ್ಯೂಟರಿನ ರೂಢಿಯೇ ನಡೆಯಬೇಕು

ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ, ವಿದ್ಯಾರ್ಥಿಗಳ ರೂಮುಗಳಲ್ಲಿ ಓದಿಗೂ ಆಟಕ್ಕೂ ಒಂದೇ ಲ್ಯಾಪ್‌ಟಾಪ್ ಇರುತ್ತದೆ. ಪ್ರಾಜೆಕ್ಟ್ ವರದಿ ಬರೆಯುವಾಗ ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ಇನ್ನೊಂದು ವಿಂಡೋ ಎದುರಿಗೆ ಬರುತ್ತದೆ, ಆಲ್ಟ್ ಮತ್ತು ಎಫ್4 ಒತ್ತಿದರೆ ತೆರೆದ ವಿಂಡೋ ಮುಚ್ಚುತ್ತದೆ. ಗೇಮ್ ತೆರೆದ ಕೂಡಲೇ ಕೈಗೆ ಕೂತ ಈ ಅಭ್ಯಾಸ ಅನೇಕ ಸಲ ನಿರುಪಯೋಗಿಯಾಗುತ್ತದೆ. ಹೊರಬರುವ ದಾರಿಯನ್ನು ಮೂರು ಮೆನುಗಳ ಒಳಗೆ ಹುಡುಕಬೇಕಾಗುತ್ತದೆ. ಇದು ಅನಿವಾರ್ಯವೇನಲ್ಲ. 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ಇಸ್ಪೀಟ್ ಆಟ ಸಾಲಿಟೇರ್‌ಗೆ ಉಳಿದ ಪ್ರೋಗ್ರಾಂಗಳಿಗಿದ್ದಂಥದೇ ಮೆನು ಪಟ್ಟಿ ಇತ್ತು, ಎಲೆಗಳನ್ನು ಎಳೆದು ಬಿಡುತ್ತಲೇ ಅದೆಷ್ಟೋ ಜನ ಮೌಸ್ ಹಿಡಿಯುವುದನ್ನು ಕಲಿತರು.

ನಮಗೆ ಹೆಚ್ಚು ಪೆಟ್ಟು ಬೀಳುವುದು ಅಕ್ಷರದ ವಿಷಯದಲ್ಲಿ. ನೋಟ್‌ಪ್ಯಾಡಿನಲ್ಲಿ ‘ಹುಬ್ಬಳ್ಳಿ’ ಎಂದು ಬರೆದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ, ಏಕೆಂದರೆ ಅವುಗಳನ್ನು ಜೋಡಿಸುವ ಕೆಲಸವನ್ನು ವಿಂಡೋಸ್ ಮಾಡಿಕೊಡುತ್ತದೆ. ಆ ಸೌಲಭ್ಯವನ್ನು ಬಿಟ್ಟು ತನ್ನ ಪಠ್ಯವನ್ನು ತಾನೇ ಚಿತ್ರಿಸುವ ಗೇಮ್‌ನಲ್ಲಿ ಆಟಗಾರ ತನ್ನ ತಂಡಕ್ಕೆ ಅದೇ ಹೆಸರಿಟ್ಟರೆ, ಅದು ‘ಹುಬ್‌ಬಳ್‌ಳಿ’ ಎಂದು ಒಡೆದು ಕಾಣುವ ಸಂಭವವೇ ಹೆಚ್ಚು. ‘ಗದಗ’ ಎಂದಿಟ್ಟರೆ ಮಾತ್ರ ತೊಂದರೆಯಿಲ್ಲ, ಅದರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಹಲವು ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡ ಸೇರಿ ದಶಕಗಳೇ ಕಳೆದಿರುವಾಗ, ಕಂಪ್ಯೂಟರಿಗೆ ಬರುವ ಕನ್ನಡ ಅದೇ ಕಂಪ್ಯೂಟರಿನ ಗೇಮ್‌ಗೆ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ದೃಷ್ಟಿಯಿಲ್ಲದವರ ಕಷ್ಟ ಇನ್ನೂ ದೊಡ್ಡದು. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಓದುವುದು ಪ್ರೋಗ್ರಾಂ ತನ್ನ ಗುಂಡಿ, ಪಟ್ಟಿಗಳ ಬಗ್ಗೆ ವಿಂಡೋಸ್‌ನಂಥ ಕಾರ್ಯಾಚರಣಾ ವ್ಯವಸ್ಥೆಗೆ ತಿಳಿಸಿದ ವಿವರವನ್ನು. ಗುಂಡಿಯನ್ನು ಬರಿಯ ಚಿತ್ರವಾಗಿ ಬಿಡಿಸಿದ ಗೇಮ್ ಅಂಥ ಯಾವ ವಿವರವನ್ನೂ ಕೊಡುವುದಿಲ್ಲವಾದ್ದರಿಂದ, ‘ಆಟ ಆರಂಭಿಸಿ’ ಎಂಬ ಮೊದಲ ಗುಂಡಿಯನ್ನೇ ಅವರು ದಾಟಲಾರರು.

ವಿರೋಧ: ಗೇಮ್‌ಗೆ ಅದರದೇ ರೂಢಿ ಬೇಕು

ವ್ಯವಸ್ಥೆಯ ರೂಢಿಗಳು ರೂಪುಗೊಂಡದ್ದು ಕಡತ, ಪತ್ರ, ಲೆಕ್ಕಪತ್ರದ ಕೆಲಸಕ್ಕಾಗಿ. ಅಲ್ಲಿ ಕೀಲಿಯನ್ನು ಒಮ್ಮೆ ಒತ್ತಿ ಬಿಡುತ್ತೇವೆ, ಗೇಮ್‌ನಲ್ಲಿ ಅದನ್ನು ಒತ್ತಿಯೇ ಹಿಡಿಯುತ್ತೇವೆ, ಎರಡು ಮೂರನ್ನು ಒಟ್ಟಿಗೆ. ಬ್ರೌಸರಿನಲ್ಲಿ ಆಡುವ ಶೂಟಿಂಗ್ ಗೇಮ್ ಒಂದನ್ನು ನೋಡಿ: ಕಂಟ್ರೋಲ್ ಒತ್ತಿದರೆ ಪಾತ್ರ ಬಗ್ಗುತ್ತದೆ, ಡಬ್ಲ್ಯೂ ಒತ್ತಿದರೆ ಮುಂದೆ ನಡೆಯುತ್ತದೆ. ಬಗ್ಗಿಕೊಂಡು ಮುಂದೆ ಹೋಗಲು ಎರಡನ್ನೂ ಒತ್ತಿದ ಕ್ಷಣವೇ ಬ್ರೌಸರ್ ತನ್ನ ರೂಢಿಯಂತೆ ಆ ಟ್ಯಾಬನ್ನು ಮುಚ್ಚಿಬಿಡುತ್ತದೆ, ಗೆಲ್ಲಲಿದ್ದ ಆಟ ಮಾಯವಾಗುತ್ತದೆ. ಓಡಲು ಶಿಫ್ಟ್ ಕೀಲಿಯನ್ನು ಐದು ಸಲ ಸತತವಾಗಿ ತಟ್ಟಿದರೆ ವಿಂಡೋಸ್ ಸ್ಟಿಕಿ ಕೀಸ್ (ಒಟ್ಟಿಗೆ ಒತ್ತಬೇಕಾದ ಕೀಲಿಗಳನ್ನು ಒಂದೊಂದಾಗಿ ಒತ್ತಲು ಬಿಡುವ ಸೌಲಭ್ಯ) ಬೇಕೇ ಎಂದು ಕೇಳುತ್ತ ಅಡ್ಡ ಬರುತ್ತದೆ. ಇಲ್ಲಿ ಆಟಗಾರನ ತಪ್ಪೂ ಇಲ್ಲ, ಗೇಮ್‌ನ ತಪ್ಪೂ ಇಲ್ಲ.

ಇನ್ನು ಯಾರ ರೂಢಿ ಎಂಬ ಪ್ರಶ್ನೆ. ಗೇಮ್ ಆಡುವ ಯಂತ್ರಗಳಲ್ಲೇ ಒಂದೊಂದಕ್ಕೆ ಒಂದೊಂದು ರೂಢಿ. ಎಕ್ಸ್‌ಬಾಕ್ಸ್‌ನ ಕಂಟ್ರೋಲರ್‌ನಲ್ಲಿ ಕೆಳಗಿರುವ ಎ ಗುಂಡಿ ನಿಂಟೆಂಡೊದಲ್ಲಿ ಬಲಕ್ಕಿದೆ. ಪ್ಲೇಸ್ಟೇಷನ್‌ನಲ್ಲಿ ‘ಸರಿ’ ಎನ್ನಲು ಜಪಾನಿನವರು ವೃತ್ತದ ಗುಂಡಿಯನ್ನೂ ಪಶ್ಚಿಮದವರು ‘ಎಕ್ಸ್’ ಆಕಾರದ ಗುಂಡಿಯನ್ನೂ ಒತ್ತುತ್ತಿದ್ದರು. 2020ರ ಪ್ಲೇಸ್ಟೇಷನ್ 5ರಲ್ಲಿ ಅದರ ತಯಾರಕ ಸೋನಿಯೇ ಜಪಾನಿನ ರೂಢಿಯನ್ನು ಕೈಬಿಟ್ಟಿತು. ಕಂಪನಿಯೇ ಬದಲಿಸುವ ನಿಯಮಕ್ಕಿಂತ, ಒಂದು ಗೇಮ್ ಮೊಬೈಲಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ರೀತಿ ನಡೆದುಕೊಳ್ಳುವುದು ಆಟಗಾರನಿಗೆ ಹೆಚ್ಚು ಮುಖ್ಯ.

ಒತ್ತಕ್ಷರ ಒಡೆಯುವುದು ನಿಜವಾದ ದೋಷವೇ, ಅದನ್ನು ಸಮರ್ಥಿಸಲಾಗದು. ಆದರೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಆಂಡ್ರಾಯ್ಡ್ ಮತ್ತು ಫೈರ್‌ಫಾಕ್ಸ್ ಬಳಸುವುದೂ ಅದನ್ನೇ. ಗೇಮ್ ಅದನ್ನು ಒಳಗೇ ಸೇರಿಸಿಕೊಂಡರೆ ಸಾಕು, ಇಡೀ ಪರದೆಯನ್ನು ವಿಂಡೋಸ್‌ಗೆ ಒಪ್ಪಿಸಬೇಕಾಗಿಲ್ಲ.

ದೃಷ್ಟಿಯಿಲ್ಲದವರ ಮಾತಿಗೂ ಇದೇ ಉತ್ತರ. 2020ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಗೇಮ್‌ನಲ್ಲಿ ಇಂಥ ಅನುಕೂಲಗಳಿಗೆಂದೇ 60ಕ್ಕೂ ಹೆಚ್ಚು ಆಯ್ಕೆಗಳಿದ್ದವು. ಮೆನುವನ್ನು ಅದು ತಾನೇ ಓದಿ ಹೇಳುತ್ತಿತ್ತು, ಶಬ್ದದ ಸುಳಿವುಗಳಿಂದ ದಾರಿ ತೋರುತ್ತಿತ್ತು, ಕಣ್ಣು ಕಾಣದವರೂ ಅದನ್ನು ಕೊನೆಯವರೆಗೆ ಆಡಿ ಮುಗಿಸಿದರು. ಗುಂಡಿಯ ಹೆಸರನ್ನು ಯಾವ ಸ್ಕ್ರೀನ್ ರೀಡರ್ ಬೇಕಾದರೂ ಓದೀತು. ಶತ್ರು ಯಾವ ದಿಕ್ಕಿನಿಂದ ಬರುತ್ತಿದ್ದಾನೆ, ಜಿಗಿಯಬೇಕಾದ ಅಂಚು ಎಲ್ಲಿದೆ ಎಂದು ಹೇಳಬೇಕಾದರೆ ಮಾತ್ರ ಗೇಮ್ ಕಟ್ಟಿದವರೇ ಆ ಕೆಲಸಕ್ಕೆ ಕೂರಬೇಕು.