ಪೇಪರ್ ಮೇಲೆ ಕೂತರೆ ವಾಂತಿ ನಿಲ್ಲುತ್ತಾ?

ಬಸ್ಸಿನ ಸೀಟಿನ ಮೇಲೆ ಪೇಪರ್ ಹಾಸಿ ಕೂತರೆ ವಾಂತಿ ಬರಲ್ಲ ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ಅದು ನಿಜವಲ್ಲ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಾಟಿನ ತಿರುವುಗಳು ದೇಹದ ಸಮತೋಲನ ನೋಡಿಕೊಳ್ಳುವ ಒಳಗಿವಿಗೆ ಗೊತ್ತಾಗುತ್ತವೆ, ಮೊಬೈಲ್ ನೋಡುತ್ತಿರುವ ಕಣ್ಣು ಮಾತ್ರ ಎಲ್ಲಾ ನಿಂತಲ್ಲೇ ಇದೆ ಅನ್ನುತ್ತದೆ, ಈ ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಪೇಪರಿಗೂ ಕಿವಿಗೂ ಏನು ಸಂಬಂಧ, ಅಲ್ವಾ? ನೀವೇ ಪರೀಕ್ಷಿಸಿ: ಅದೇ ದಾರಿ, ಅದೇ ಸೀಟು, ಕೆಲವು ಸಲ ಪೇಪರ್ ಹಾಸಿ, ಕೆಲವು ಸಲ ಹಾಸದೆ. ನಮ್ಮ ಅತ್ತೆಗೂ ಪೇಪರಿನಿಂದ ಆರಾಮ ಅನಿಸಿತ್ತು, ಸುಳ್ಳಲ್ಲ, ಆದರೆ ಅವತ್ತು ಅವರಿಗೆ ಮುಂದಿನ ಸೀಟು ಸಿಕ್ಕಿತ್ತು! ದೂರದ ರಸ್ತೆ ನೋಡಿ, ಕಿಟಕಿ ತೆಗೆಯಿರಿ. ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ನುಂಗಿ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ತಲೆ ಗರ್ರನೆ ತಿರುಗಿದರೆ ಅದು ಬೇರೆ ತೊಂದರೆ, ತೋರಿಸಿಕೊಳ್ಳಿ.