ಸ್ಪಷ್ಟನೆ: ಡಿಸ್ಕಿನ ಮೇಲಿನ ‘12’ ದೂರದ ಅಳತೆಯಲ್ಲ

ಅಮೆರಿಕದ ಪಾರ್ಕುಗಳಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ ಬೀಳಿಸುವ ಆಟ) ಆಡುವ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ, ‘ವೇಗದ ಅಂಕಿ ಹೆಚ್ಚಿದ್ದಷ್ಟೂ ಡಿಸ್ಕ್ ದೂರ ಹೋಗುತ್ತದೆ, ಹೊಸಬರೂ ಓವರ್‌ಸ್ಟೇಬಲ್ ಡಿಸ್ಟೆನ್ಸ್ ಡ್ರೈವರನ್ನೇ ಕೊಳ್ಳಲಿ’ ಎಂದು ನಾನು ಬರೆದಿದ್ದ ಸಂದೇಶ ಈಗ ಬೇರೆ ಗುಂಪುಗಳಲ್ಲೂ ಓಡಾಡುತ್ತಿದೆ. ಅದು ತಪ್ಪು. (ಡಿಸ್ಟೆನ್ಸ್ ಡ್ರೈವರ್ ಎಂದರೆ ದೂರದ ಎಸೆತಕ್ಕೆಂದೇ ಮಾಡಿದ ಡಿಸ್ಕ್; ಓವರ್‌ಸ್ಟೇಬಲ್ ಎಂದರೆ ಬಲಗೈಯವರ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಬೀಸಿ ಎಸೆದಾಗ, ಎಡಕ್ಕೆ ಬಲವಾಗಿ ವಾಲುವ ಡಿಸ್ಕ್.)

ಡಿಸ್ಕ್ ತಯಾರಿಸುವ ಇನ್ನೋವಾ ಕಂಪನಿಯು ತನ್ನ ಡಿಸ್ಟೆನ್ಸ್ ಡ್ರೈವರ್ ಆದ ಡಿಸ್ಟ್ರಾಯರ್‌ಗೆ 12, 5, -1, 3 ಎಂಬ ಅಂಕಿಗಳನ್ನು ಕೊಟ್ಟಿದೆ. ಅವು ಕ್ರಮವಾಗಿ ವೇಗ, ತೇಲುವಿಕೆ, ಆರಂಭದ ತಿರುವು ಮತ್ತು ಕೊನೆಯ ವಾಲಿಕೆಯನ್ನು ಹೇಳುತ್ತವೆ. ಮೊದಲ ಅಂಕಿಯು ಡಿಸ್ಕ್ ತನ್ನ ವಿನ್ಯಾಸದಂತೆ ಹಾರಲು ಎಷ್ಟು ಬಿರುಸಾಗಿ ಎಸೆಯಬೇಕು ಎಂಬುದರ ಸೂಚನೆಯೇ ಹೊರತು ದೂರದ ಭರವಸೆಯಲ್ಲ. ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ ಅಷ್ಟು ವೇಗವಿಲ್ಲದೆ ಎಸೆದರೆ, ಅದು ಬಲಕ್ಕೆ ಸರಿಯುವ ಮಾತೇ ಇಲ್ಲದೆ ಬೇಗನೆ ಎಡಕ್ಕೆ ವಾಲಿ ನೆಲ ಸೇರುತ್ತದೆ; ಮುಂಚೂಣಿಯ ಅಂಚು ಮೇಲೆದ್ದಿದ್ದರಂತೂ ಇನ್ನೂ ಬೇಗ. ನನ್ನದು ಪ್ರತಿ ಸಲವೂ ಎಡಗಡೆಯ ಪೊದೆಯಲ್ಲೇ ಸಿಗುತ್ತಿತ್ತು. ಅದೇ ಜಾಗದಿಂದ 6, 5, -2, 1 ಅಂಕಿಗಳ ಲೆಪರ್ಡ್ ಎಂಬ ಕಡಿಮೆ ವೇಗದ ಡಿಸ್ಕನ್ನು ಎಸೆದಾಗ ಡಿಸ್ಕ್ ಹೆಚ್ಚು ನೇರವಾಗಿಯೂ ದೂರವಾಗಿಯೂ ಹೋಯಿತು.

ಓವರ್‌ಸ್ಟೇಬಲ್ ಡ್ರೈವರ್ ನಿರುಪಯುಕ್ತವೆಂದು ಇದರರ್ಥವಲ್ಲ. ಎದುರುಗಾಳಿಯಲ್ಲಿ ಡಿಸ್ಕಿಗೆ ತಗಲುವ ಗಾಳಿಯ ವೇಗ ಹೆಚ್ಚಾಗಿ, ಸಾಧಾರಣ ಡಿಸ್ಕುಗಳು ಬಲಕ್ಕೆ ಮಗುಚಿಕೊಳ್ಳುವಾಗ ಇದು ದಾರಿ ತಪ್ಪುವುದಿಲ್ಲ. ಅಡ್ಡವಿರುವ ಮರವನ್ನು ಸುತ್ತಿಕೊಂಡು ಎಡಕ್ಕೆ ತಿರುಗಿಸಬೇಕಾದಲ್ಲಿಯೂ ನಂಬಬಹುದು. ಆದರೆ ಅದು ಎಸೆತ ಪಳಗಿದ ಮೇಲಿನ ಮಾತು.

ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.