ಪೆಡಲ್ ಇಲ್ಲದ ಕ್ಲಚ್ಚು

ಪೆಟ್ರೋಲ್ ಗಾಲ್ಫ್ ಕಾರ್ಟ್‌ನಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಕ್ಲಚ್ಚುಗಳು ಮಾತ್ರ ಎರಡಿರುತ್ತವೆ. ಕಾಲಿಗೆ ಸಿಗದ, ಸೀಟು ಎತ್ತದೆ ಕಣ್ಣಿಗೂ ಬೀಳದ ಈ ಜೋಡಿಯನ್ನು ಇಪ್ಪತ್ತು ಮೂವತ್ತು ವರ್ಷ ಯಾರೂ ನೆನೆಯುವುದಿಲ್ಲ. ಆಮೇಲೊಂದು ದಿನ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ, ಹೊರಡುವಾಗ ಕುಪ್ಪಳಿಸುತ್ತದೆ. ನೋಡಿದವರೆಲ್ಲ ‘ಕ್ಲಚ್ ಹೋಗಿದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅಂಗಡಿಯಲ್ಲಿ ವಿಚಾರಿಸಿದರೆ, ಹಳೆಯ ಗಾಡಿಯನ್ನು ಮಾರಿದರೆ ಎಷ್ಟು ಬಂದೀತೋ ಅದರಲ್ಲಿ ಒಂದು ದೊಡ್ಡ ಪಾಲನ್ನು ಹೊಸ ಜೋಡಿಯೇ ನುಂಗುತ್ತದೆ. ಅಗ್ಗದ ಕ್ಲಚ್ಚಿನ ಹುಡುಕಾಟ ಶುರುವಾಗುವುದು ಆಗ. ಆದರೆ ಆ ಹುಡುಕಾಟ ಅಂಗಡಿಯಲ್ಲಿ ಅಲ್ಲ, ಸೀಟಿನ ಕೆಳಗೇ ಶುರುವಾಗಬೇಕು.

ಇದು ಅಮೆರಿಕದ ಸಂಕಟ, ಅದರಲ್ಲೂ ಜಾರ್ಜಿಯಾ, ಫ್ಲಾರಿಡಾ ಕಡೆಯದು. 1954ರಲ್ಲಿ ಹುಟ್ಟಿದ, ಕಾರ್ಟ್ ತಯಾರಿಸುವ ಇ-ಜಡ್-ಗೋ ಕಂಪನಿ ಜಾರ್ಜಿಯಾದ ಅಗಸ್ಟಾದ್ದು. ಕ್ಲಬ್ ಕಾರ್ ಕಂಪನಿಯೂ ಅದೇ ಊರಿನ ಆಸುಪಾಸಿನಲ್ಲೇ ಬೆಳೆದದ್ದು. ಯಮಹಾದ ಕಾರ್ಟ್‌ಗಳು ಅದೇ ರಾಜ್ಯದ ನ್ಯೂನನ್‌ನಲ್ಲಿ ತಯಾರಾಗುತ್ತವೆ. ಅಟ್ಲಾಂಟಾದ ಪಕ್ಕದ ಪೀಚ್‌ಟ್ರೀ ಸಿಟಿಯಲ್ಲಂತೂ ಕಾರ್ಟ್‌ಗಳಿಗೆಂದೇ ಸುಮಾರು 100 ಮೈಲಿ ದಾರಿಗಳಿವೆ, ಹೈಸ್ಕೂಲ್ ಮಕ್ಕಳು ಅದರಲ್ಲೇ ಶಾಲೆಗೆ ಹೋಗುತ್ತಾರೆ. ಆ ಕಡೆ ಮನೆ ಮಾಡಿದ ಕನ್ನಡಿಗರ ಗ್ಯಾರೇಜಿಗೂ ಹಳೆಯ ಕಾರ್ಟ್ ಒಂದು ಬಂದು ಸೇರಿದರೆ ಆಶ್ಚರ್ಯವಿಲ್ಲ. ಲಾಲ್‌ಬಾಗ್‌ನಲ್ಲೋ ಮೈಸೂರು ಮೃಗಾಲಯದಲ್ಲೋ ಓಡಾಡುವ ಬ್ಯಾಟರಿ ಗಾಡಿಗೆ ಈ ಕಷ್ಟವೇ ಇಲ್ಲ, ಅದರಲ್ಲಿ ಇಂಥ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಆದರೆ 1984ರಲ್ಲಿ ಬಂದ ಕೈನೆಟಿಕ್ ಹೋಂಡಾದ, ಇಲ್ಲವೇ ಆಮೇಲಿನ ಆಕ್ಟಿವಾದ ಎಡಗಡೆಯ ಮುಚ್ಚಳ ಬಿಚ್ಚಿ ನೋಡಿದವರಿಗೆ ಕಾರ್ಟ್‌ನ ಹೊಟ್ಟೆ ಅಪರಿಚಿತ ಅನ್ನಿಸುವುದಿಲ್ಲ. ಎರಡು ಪುಲ್ಲಿ, ನಡುವೆ ಅಗಲವಾದ ಬೆಲ್ಟು.

ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ ಕೂತಿರುವುದು ಡ್ರೈವ್ ಕ್ಲಚ್. ಗಾಡಿ ನಿಂತಾಗ ಅದರ ಎರಡು ತಟ್ಟೆಗಳು ಅಗಲಿ ನಿಂತಿರುತ್ತವೆ, ಬೆಲ್ಟು ನಡುವೆ ಸಡಿಲವಾಗಿ ಬಿದ್ದಿರುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ, ಸರಿಯುವ ತಟ್ಟೆಯನ್ನು ಒಳಕ್ಕೆ ತಳ್ಳುತ್ತವೆ. ಬೆಲ್ಟು ಹಿಡಿತಕ್ಕೆ ಸಿಕ್ಕಿ ಮೇಲೇರುತ್ತದೆ. ಹಿಂದೆ, ಗೇರ್ ಪೆಟ್ಟಿಗೆಯ ಶಾಫ್ಟಿನ ಮೇಲಿರುವುದು ಡ್ರಿವನ್ ಕ್ಲಚ್. ಅದು ಸ್ಪ್ರಿಂಗ್ ಬಲದಿಂದ ಮುಚ್ಚಿಕೊಂಡಿರುತ್ತದೆ, ಬೆಲ್ಟು ಎಳೆದಾಗ ತೆರೆದುಕೊಳ್ಳುತ್ತದೆ. ಏರು ಬಂದು ಚಕ್ರಕ್ಕೆ ಭಾರ ಬಿದ್ದರೆ, ಅದರೊಳಗಿನ ಇಳಿಜಾರು ಕ್ಯಾಮ್ ತಿರುಚಿಕೊಂಡು ತಟ್ಟೆಗಳನ್ನು ಮತ್ತೆ ಬಿಗಿಯುತ್ತದೆ, ಅಂದರೆ ಗಾಡಿ ತಾನಾಗಿಯೇ ಕೆಳ ಗೇರಿಗೆ ಇಳಿಯುತ್ತದೆ. ಗೇರ್ ಹಾಕುವವರಿಲ್ಲದೆ ಗೇರ್ ಬದಲಾಗುವ ಈ ಏರ್ಪಾಡು ಎಷ್ಟು ಸರಳವೋ, ಅದರ ಮೇಲೆ ಇಲ್ಲದ ಆರೋಪ ಹೊರಿಸುವುದೂ ಅಷ್ಟೇ ಸುಲಭ.

ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್‌ಗೆ ಹಾಕಿ ಒಬ್ಬರೇ ತಳ್ಳಿ ನೋಡಬೇಕು. ಸಲೀಸಾಗಿ ಉರುಳದಿದ್ದರೆ ಬಹುಶಃ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಅದಕ್ಕೆ ಹೊಸ ಕ್ಲಚ್ ಹಾಕಿದರೆ ಪಾಪ ಅದೇನು ಮಾಡೀತು? ವೇಗಕ್ಕೆ ಕಡಿವಾಣ ಹಾಕುವ ಗವರ್ನರ್‌ನ ಸ್ಪ್ರಿಂಗ್ ಸಡಿಲವಾಗಿದ್ದರೂ, ಕಾರ್ಬ್ಯುರೇಟರ್ ಕಟ್ಟಿಕೊಂಡಿದ್ದರೂ ಗಾಡಿ ಓಡುವುದಿಲ್ಲ, ಬೈಗುಳ ಬೀಳುವುದು ಮಾತ್ರ ಕ್ಲಚ್ಚಿಗೆ. ಆಮೇಲೆ ಬೆಲ್ಟು. ಗಾಡಿ ನಿಂತಾಗ ಬೆಲ್ಟಿನ ಬೆನ್ನು ಡ್ರಿವನ್ ಕ್ಲಚ್ಚಿನ ಅಂಚಿನ ಮಟ್ಟದಲ್ಲಿ ಅಥವಾ ಕೂದಲೆಳೆಯಷ್ಟು ಮೇಲಿರಬೇಕು. ಒಳಕ್ಕೆ ಕುಸಿದು ಕೂತಿದ್ದರೆ ಬೆಲ್ಟು ಸವೆದು ಅಗಲ ಕಳೆದುಕೊಂಡಿದೆ. ವರ್ನಿಯರ್ ಹಿಡಿದು ಅಳೆದು, ಹೊಸ ಬೆಲ್ಟಿನ ಅಗಲದೊಂದಿಗೆ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ಬೆಲ್ಟಿನ ಪಕ್ಕದಲ್ಲಿ ಒಂದೇ ಕಡೆ ಕಚ್ಚಿದಂತೆ ಹಳ್ಳ ಬಿದ್ದಿದ್ದರೆ, ಗಾಡಿ ಎಲ್ಲೋ ಕೆಸರಿನಲ್ಲಿ ಹೂತಾಗ ಯಾರೋ ಪೆಡಲ್ ಒತ್ತಿ ಹಿಡಿದಿದ್ದಾರೆ. ಆ ಹಳ್ಳ ಪ್ರತಿ ಸುತ್ತಿಗೂ ಒಮ್ಮೆ ‘ದಡ್’ ಅನ್ನುತ್ತಲೇ ಇರುತ್ತದೆ.

ಇನ್ನೊಂದು ಪರೀಕ್ಷೆಗೆ ಬೇಕಾದದ್ದು ಒಂದು ಮಾರ್ಕರ್ ಪೆನ್ನು, ಅಷ್ಟೇ. ಎಂಜಿನ್ ಆರಿಸಿ, ಡ್ರೈವ್ ಕ್ಲಚ್ಚಿನ ತಟ್ಟೆಯಲ್ಲಿ ಬೆಲ್ಟು ತಾಗುವ ಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ನೇರವಾಗಿ ಒಂದು ಗೆರೆ ಎಳೆಯಬೇಕು. ಸೀಟು ಮುಚ್ಚಿ, ಸಮತಟ್ಟಾದ ದಾರಿಯಲ್ಲಿ ಪೂರ್ತಿ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ಬಂದು ನೋಡಬೇಕು. ಬೆಲ್ಟು ಎಲ್ಲಿಯವರೆಗೆ ಏರಿತೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಅಂಚಿನ ಹತ್ತಿರದವರೆಗೂ ಅಳಿಸಿದ್ದರೆ ಕ್ಲಚ್ ತನ್ನ ಕೆಲಸ ಮಾಡುತ್ತಿದೆ, ದೋಷ ಬೇರೆಡೆ ಹುಡುಕಿ. ಅರ್ಧಕ್ಕೇ ನಿಂತಿದ್ದರೆ, ಎಂಜಿನ್ ಮಾತ್ರ ಅರಚುತ್ತಿದ್ದರೆ, ಆಗ ಕ್ಲಚ್ಚಿನ ಮೇಲಿನ ಅನುಮಾನಕ್ಕೆ ಆಧಾರ ಸಿಕ್ಕಿತು. ಬೆಲ್ಟಿನ ಬಳಿ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಲೇಬೇಕು. ಈ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಯಾರದೋ ಕಾಲು ತಗುಲಿದರೆ ಬೆರಳು ಉಳಿಯುವುದಿಲ್ಲ.

ಡ್ರಿವನ್ ಕ್ಲಚ್ಚಿನಲ್ಲಿ ಸಾಮಾನ್ಯವಾಗಿ ಕೈಕೊಡುವುದು ಮೂರು ಸಣ್ಣ ಪ್ಲಾಸ್ಟಿಕ್ ಗುಂಡಿಗಳು. ಬಟನ್ ಎಂದೇ ಕರೆಯುತ್ತಾರೆ. ಕ್ಯಾಮ್‌ನ ಇಳಿಜಾರಿನ ಮೇಲೆ ಜಾರಾಡುವುದು ಅವುಗಳ ಕಸುಬು. ಹೊಸದರಲ್ಲಿ ದುಂಡಗೆ ಎದ್ದು ನಿಂತಿರುತ್ತವೆ. ಹಳೆಯ ಗಾಡಿಯಲ್ಲಿ ಒಂದು ಬದಿ ಚಪ್ಪಟೆಯಾಗಿ, ಕೊನೆಗೆ ಪ್ಲಾಸ್ಟಿಕ್ ಮುಗಿದು ಲೋಹಕ್ಕೆ ಲೋಹ ತಾಗಿ ಕ್ಯಾಮ್ ಮೇಲೆ ಗೀರು ಬೀಳುತ್ತದೆ. ಏರಿನಲ್ಲಿ ಪಿಕಪ್ ಇಲ್ಲದಿರುವುದು, ಪೆಡಲ್ ಬಿಟ್ಟಾಗ ಕಿರ್ರೆನ್ನುವುದು, ನಿಲ್ಲುವ ಹೊತ್ತಿಗೆ ಜಗ್ಗುವುದು, ಎಲ್ಲವೂ ಇವುಗಳ ಕಾರುಬಾರಾಗಿರಬಹುದು. ಒಂದು ಸೆಟ್ಟಿನ ಬೆಲೆ ಸುಮಾರು 10–20 ಡಾಲರ್. ಸ್ಪ್ರಿಂಗ್ ಅದುಮಿ ಹಿಡಿದು, ಅದನ್ನು ತಡೆದಿರುವ ಬಳೆಯಾಕಾರದ ಸರ್ಕ್ಲಿಪ್ ತೆಗೆದರೆ ಕ್ಯಾಮ್ ಮೇಲೆದ್ದು ಬರುತ್ತದೆ. ಹಾಗೆ ಬರುವಾಗ ಅದು ತಿರುಗಿಕೊಂಡೇ ಬರುತ್ತದೆ, ಸ್ಪ್ರಿಂಗಿಗೆ ತಿರುಚು ಕೊಟ್ಟಿರುತ್ತಾರಲ್ಲ. ಸ್ಪ್ರಿಂಗಿನ ಬಾಲ ಯಾವ ತೂತಿನಲ್ಲಿದೆ, ಕ್ಯಾಮ್ ಯಾವ ಕೋನದಲ್ಲಿ ಕೂತಿದೆ ಎಂಬುದನ್ನು ಬಿಚ್ಚುವ ಮುನ್ನವೇ ಬಣ್ಣದಿಂದ ಗುರುತು ಮಾಡಿ ಫೋಟೋ ತೆಗೆದಿಟ್ಟುಕೊಳ್ಳದಿದ್ದರೆ, ಜೋಡಿಸುವಾಗ ಊಹೆಯೇ ಗತಿ. ಬೇರೆ ತೂತಿಗೆ ಹಾಕಿದರೆ ಗಾಡಿ ಮೇಲಿನ ಗೇರಿಗೆ ಹೋಗುವ ರೀತಿಯೇ ಬದಲಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕ್ಲಚ್ ಕೊಳ್ಳಲೇಬೇಕಾದರೆ, ಡ್ರಿವನ್ ಹಳೆಯದಾದರೂ ಸರಿ, ಡ್ರೈವ್ ಹೊಸದೇ ಇರಲಿ. ಡ್ರಿವನ್ ತನ್ನ ರೋಗ ಮುಚ್ಚಿಡುವುದಿಲ್ಲ. ಗುಜರಿ ಅಂಗಡಿಯಲ್ಲೋ, ಹಳೆ ಕಾರ್ಟ್‌ಗಳನ್ನು ಬಿಚ್ಚಿ ಬಿಡಿಭಾಗ ಮಾರುವವರಲ್ಲೋ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ತಟ್ಟೆಯ ಮೇಲೆ ಉಗುರು ಎಳೆದರೆ ಸಾಕು. ಉಗುರು ತಡೆದು ನಿಂತಲ್ಲಿ ಬೆಲ್ಟೂ ತಡೆಯುತ್ತದೆ. ಶಾಫ್ಟಿಗೆ ಕೂರುವ ಹಲ್ಲುಗಳು ಚೂಪಾಗಿ ಸವೆದಿಲ್ಲ, ಕ್ಯಾಮ್ ನುಣ್ಣಗಿದೆ ಎಂದಾದರೆ ಹೊಸ ಬಟನ್ ಹಾಕಿ ಬಳಸಬಹುದು. ಗಾಲ್ಫ್ ಕ್ಲಬ್ಬುಗಳು ಲೀಸ್ ಮುಗಿದ ಗಾಡಿಗಳನ್ನು ಒಟ್ಟಿಗೇ ಹಿಂತಿರುಗಿಸುವುದರಿಂದ, ಪೆಟ್ರೋಲ್ ಬಿಟ್ಟು ಬ್ಯಾಟರಿಗೆ ಹೋಗುವವರೂ ಹೆಚ್ಚಿರುವುದರಿಂದ, ಇಂಥ ಮಾಲಿಗೆ ಬರವಿಲ್ಲ.

ಡ್ರೈವ್ ಕ್ಲಚ್ ಹಾಗಲ್ಲ, ಅದು ಒಳಗುಟ್ಟಿನ ಸ್ವಭಾವದ್ದು. ತೂಕದ ತುಂಡುಗಳ ಪಿನ್ನು, ಸರಿಯುವ ತಟ್ಟೆಯ ಬುಷ್ಷು, ಬಳಲಿದ ಸ್ಪ್ರಿಂಗು ಎಲ್ಲವೂ ಮುಚ್ಚಳದ ಒಳಗೆ. ಹೊರಗಿನಿಂದ ಮಾಡಬಹುದಾದದ್ದು ಸರಿಯುವ ತಟ್ಟೆಯನ್ನು ಅಲ್ಲಾಡಿಸಿ ಸಡಿಲು ಎಷ್ಟಿದೆ ನೋಡುವುದು, ಹಬ್ಬಿನ (ಕ್ಲಚ್ಚಿನ ನಡುಭಾಗದ) ಸುತ್ತ ಬಿರುಕಿದೆಯೇ ಎಂದು ಬೆಳಕು ಬಿಟ್ಟು ನೋಡುವುದು, ಕ್ರ್ಯಾಂಕ್ ತುದಿಗೆ ಕೂರುವ ಟೇಪರ್ ತೂತಿನ, ಅಂದರೆ ಒಳಕ್ಕೆ ಕಿರಿದಾಗುತ್ತ ಹೋಗುವ ತೂತಿನ, ಒಳಗೋಡೆಯಲ್ಲಿ ಸುತ್ತುಸುತ್ತಾಗಿ ಗೀರಿದೆಯೇ ಎಂದು ಬೆರಳಾಡಿಸುವುದು. ಗೀರಿದ್ದರೆ ಅದು ಹಿಂದಿನ ಗಾಡಿಯ ಕ್ರ್ಯಾಂಕ್ ಮೇಲೆ ಜಾರಿ ಸುತ್ತಿದ ಕ್ಲಚ್ಚು, ಪುಕ್ಕಟೆ ಕೊಟ್ಟರೂ ಬೇಡ. ಮುಚ್ಚಳ ಬಿಚ್ಚಿ ರಿಪೇರಿ ಮಾಡುವ ಧೈರ್ಯವಿದ್ದವರು ಮುಚ್ಚಳಕ್ಕೂ ತಟ್ಟೆಗೂ ಸೇರಿಸಿ ಒಂದು ಗುರುತು ಹಾಕಿಕೊಳ್ಳಬೇಕು. ಅದು ಒಟ್ಟಿಗೆ ಬ್ಯಾಲೆನ್ಸ್ ಮಾಡಿದ ವಸ್ತು, ಜಾಗ ತಪ್ಪಿದರೆ ಎಂಜಿನ್ ನಡುಗುತ್ತದೆ. ಕಂಪನಿಯ ಹೆಸರಿಲ್ಲದ ಹೊಸ ಡ್ರೈವ್ ಕ್ಲಚ್ 200 ಡಾಲರಿನ ಆಚೀಚೆ ಸಿಗುವಾಗ, ಒಳಗೇನಿದೆಯೋ ತಿಳಿಯದ ಹಳೆಯದಕ್ಕೆ 100 ಕೊಡುವುದು ಉಳಿತಾಯವಲ್ಲ. ರಿಪೇರಿ ಮಾಡಿದ ಕ್ಲಚ್ಚನ್ನು ಮಾರಿ, ನಿಮ್ಮ ಹಳೆಯದನ್ನು ವಾಪಸ್ ಕೊಟ್ಟರೆ ಡೆಪಾಸಿಟ್ ಹಿಂತಿರುಗಿಸುವವರೂ ಇದ್ದಾರೆ. ಸಾಗಣೆ ಖರ್ಚು ಯಾರದೆಂದು ಮೊದಲೇ ಕೇಳಿಕೊಳ್ಳಿ, ಅದು ಹಗುರ ವಸ್ತುವೇನಲ್ಲ. ಯಾವುದನ್ನೇ ಕೊಂಡರೂ ಜೊತೆಗೆ ಹೊಸ ಬೆಲ್ಟು ಇರಲೇಬೇಕು. ಮುದಿ ಎತ್ತಿನ ಜೊತೆ ಹೋರಿ ಹೂಡಿದ ಹಾಗೆ, ಹೊಸ ಕ್ಲಚ್ಚಿಗೆ ಸವೆದ ಬೆಲ್ಟು ಹಾಕಿದರೆ ನೊಗ ಒಂದೇ ಕಡೆ ವಾಲುತ್ತದೆ.

‘ಕ್ಲಬ್ ಕಾರ್, ಪೆಟ್ರೋಲ್’ ಎಂದಷ್ಟೇ ಹೇಳಿ ಕ್ಲಚ್ ತರಿಸಿದವರು ಅದನ್ನು ಹಿಂದಕ್ಕೆ ಕಳಿಸುವ ಖರ್ಚಿಗೂ ಸಿದ್ಧರಿರಬೇಕು. 1984ರಿಂದ 1991ರವರೆಗಿನ ಕ್ಲಬ್ ಕಾರ್‌ಗಳಲ್ಲಿ 341 ಸಿಸಿಯ ಎಂಜಿನ್, 1992ರಿಂದ ಕವಾಸಾಕಿಯ ಎಫ್‌ಇ290. ಇ-ಜಡ್-ಗೋ 1991ರಲ್ಲಿ ಫೋರ್ ಸ್ಟ್ರೋಕಿಗೆ ಬಂತು, ಅದಕ್ಕೆ ಮೊದಲಿನವು ಟೂ ಸ್ಟ್ರೋಕ್. ಯಮಹಾದ ಜಿ1 ಟೂ ಸ್ಟ್ರೋಕ್, ಜಿ2 ಫೋರ್ ಸ್ಟ್ರೋಕ್. ಎಂಜಿನ್ ಬದಲಾದರೆ ಕ್ಲಚ್ಚಿಗೆ ಬೇಕಾದ ಟೇಪರ್, ತೂಕ, ಸ್ಪ್ರಿಂಗ್ ಬದಲಾಗಬಹುದು. ಕ್ಲಬ್ ಕಾರ್‌ನ ಡಿಎಸ್ ಮಾದರಿಯ ಗಾಡಿಯ ಸೀರಿಯಲ್ ನಂಬರ್ ಎಜಿ ಎಂದು ಶುರುವಾದರೆ ಪೆಟ್ರೋಲ್, ಮುಂದಿನ ಎರಡು ಅಂಕಿ ವರ್ಷ. ಆದರೂ ಹಳೆಯ ಗಾಡಿಗೆ ಯಾರು ಯಾವ ಎಂಜಿನ್ ಕೂರಿಸಿದ್ದಾರೋ! ಸೀರಿಯಲ್ ನಂಬರಿನ ಜೊತೆಗೆ ಎಂಜಿನ್ನಿನ ಮೇಲಿನ ನಂಬರನ್ನೂ ಬರೆದುಕೊಳ್ಳುವುದು ಜಾಣತನ.

ಇನ್ನು ಹಳೆಯ ಡ್ರೈವ್ ಕ್ಲಚ್ಚನ್ನು ಕೀಳುವ ಕೆಲಸ. ನಡುವಿನ ಬೋಲ್ಟು ಬಿಚ್ಚಿದ ಮಾತ್ರಕ್ಕೆ ಅದು ಬರುವುದಿಲ್ಲ, ಟೇಪರ್ ಹಿಡಿತ ಅಂಥದ್ದು. ಮೂರು ಕಾಲಿನ ಪುಲ್ಲರ್ ಹಾಕಿ ತಟ್ಟೆಯ ಅಂಚು ಹಿಡಿದು ಎಳೆದರೆ ಅಲ್ಯುಮಿನಿಯಂ ತುಂಡಾಗಿ ಕೈಗೆ ಬರುತ್ತದೆ. ಅದಕ್ಕೆಂದೇ ಆಯಾ ಮಾದರಿಗೆ ಪುಲ್ಲರ್ ಬೋಲ್ಟ್ ಸಿಗುತ್ತದೆ. ಕ್ಲಚ್ಚಿನ ಹಬ್ಬಿನಲ್ಲಿರುವ ಥ್ರೆಡ್ಡಿಗೆ ಅದು ಹತ್ತಿ, ಮೂತಿ ಕ್ರ್ಯಾಂಕ್ ತುದಿಯನ್ನು ಒತ್ತುತ್ತದೆ. ಮೂತಿಗೂ ಥ್ರೆಡ್ಡಿಗೂ ಗ್ರೀಸ್ ಸವರಬೇಕು. ಎಂಜಿನ್ ತಿರುಗದಂತೆ ಹಿಡಿಯಲು ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಮೆತ್ತನೆಯ ಹಗ್ಗವನ್ನು ಸಿಲಿಂಡರಿಗೆ ತುಂಬಿಸಿ ಪಿಸ್ಟನ್ನನ್ನು ಮೇಲಕ್ಕೆ ತರುವುದು ಹಳೆಯ ಉಪಾಯ, ಕಂಪ್ರೆಷನ್ ಹೊಡೆತದಲ್ಲೇ ತುಂಬಿಸಬೇಕು, ವಾಲ್ವ್ ತೆರೆದಿರುವಾಗಲ್ಲ. ಹಗ್ಗದ ತುದಿ ಹೊರಗೇ ಇರಲಿ. ಬೋಲ್ಟು ಬಿಗಿಯಾಗಿ ನಿಂತ ಮೇಲೂ ಕ್ಲಚ್ ಜಗ್ಗದಿದ್ದರೆ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಒಂದೇ ಒಂದು ಗಟ್ಟಿ ಏಟು, ಮತ್ತೆ ಸ್ವಲ್ಪ ಬಿಗಿ. ‘ಠಣ್’ ಎಂದು ಸದ್ದು ಬಂದರೆ ಕಳಚಿತು ಎಂದೇ ಲೆಕ್ಕ. ತಟ್ಟೆಗೆ ಮಾತ್ರ ಸುತ್ತಿಗೆ ತಾಗಿಸಬಾರದು.

ಹೊಸದನ್ನು ಕೂರಿಸುವಾಗ ಅತ್ತಿತ್ತ ಎರಡೂ ಟೇಪರ್‌ಗಳನ್ನು ಬ್ರೇಕ್ ಕ್ಲೀನರ್ ಹಾಕಿ ಒಣಬಟ್ಟೆಯಿಂದ ಒರೆಸಬೇಕು. ತುಕ್ಕು ಹಿಡಿಯದಿರಲಿ ಎಂಬ ಪ್ರೀತಿಯಿಂದ ಅಲ್ಲಿಗೆ ಗ್ರೀಸ್ ಹಚ್ಚುವವರಿದ್ದಾರೆ, ಟೇಪರ್ ಒಣಗಿದ್ದರೇ ಹಿಡಿಯುವುದು. ತಟ್ಟೆಗಳಿಗೂ ಎಣ್ಣೆ ಗ್ರೀಸಿನ ಸೋಂಕು ಬೇಡ, ಹೊಸ ಕ್ಲಚ್ಚಿಗೆ ತುಕ್ಕು ತಡೆಯಲು ಬಳಿದು ಕಳಿಸಿರುವ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಬೆಲ್ಟು ಜಾರುತ್ತಿದೆಯೆಂದು ಅಂಟು ಹಿಡಿತ ಕೊಡುವ ಬೆಲ್ಟ್ ಡ್ರೆಸ್ಸಿಂಗ್ ಸಿಂಪಡಿಸುವುದೂ ಬೇಡ; ಸೋಪು ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು. ಬೋಲ್ಟನ್ನು ಆ ಮಾದರಿಯ ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿದು, ಮೊದಲ ಕೆಲವು ಮೈಲಿ ಏರು ಹತ್ತಿಸದೆ, ಹಿಂದೆ ಸೌದೆ ಹೇರದೆ ಓಡಿಸಿ ಬೆಲ್ಟನ್ನು ಪಳಗಿಸಬೇಕು. ಆಮೇಲೆ ಅದೇ ಬೋಲ್ಟಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಬೇಕು. ಟೇಪರ್ ಇನ್ನಷ್ಟು ಒಳಗೆ ಕೂತು ಬೋಲ್ಟು ಸಡಿಲವಾಗಿರುವುದು ಅಪರೂಪವೇನಲ್ಲ, ಹಾಗೇ ಬಿಟ್ಟರೆ ಕ್ಲಚ್ಚಿನ ಜೊತೆ ಕ್ರ್ಯಾಂಕೂ ಹಾಳಾಗುತ್ತದೆ.